ಹಳೆ ಕಾರುಗಳ ಸಾಲಿನಲ್ಲಿ ಹೊಸ ಕಾರಿಗೂ ಜಾಗ ಇದೆಯಾ?

ಹಳೆ ಕಾರುಗಳು ಸಾಲಾಗಿ ನಿಂತಿವೆ ಅಂದುಕೊಳ್ಳಿ. ಕ್ರೋಮ್ ಬಂಪರ್, ದುಂಡನೆಯ ಹೆಡ್‌ಲೈಟ್, ಒಂದು ಗಾಡಿಯ ಅಡಿಯಲ್ಲಿ ನಾಲ್ಕು ಹನಿ ಆಯಿಲ್. ಅಷ್ಟರಲ್ಲಿ ಸಾಲಿನ ಕೊನೆಗೆ 1998ರ ಒಂದು ಕಾರು ಬಂದು ನಿಲ್ಲುತ್ತದೆ. ಪ್ಲಾಸ್ಟಿಕ್ ಬಂಪರ್, ಪವರ್ ವಿಂಡೋ, ಸ್ಟೀರಿಂಗ್ ನಡುವೆ ಏರ್‌ಬ್ಯಾಗ್ ಗುರುತು. ಓಡಿಸಿಕೊಂಡು ಬಂದ ಹುಡುಗ ಕೆಳಗಿಳಿದು, ಡಿಕ್ಕಿಯಿಂದ ಬಟ್ಟೆ ತೆಗೆದು, ಬಾನೆಟ್ ಮೇಲಿನ ಧೂಳನ್ನು ಮೆಲ್ಲಗೆ ಒರೆಸುತ್ತಾನೆ. ಆಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಇದು ಇಲ್ಲಿಗೆ ಯಾಕೆ ಬಂತು?"

ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಹೆಚ್ಚಿನವರು ತಮ್ಮ ಗಾಡಿಗಾಗಿ ಇಪ್ಪತ್ತು, ಮೂವತ್ತು ವರ್ಷ ಕೈ ಮಸಿ ಮಾಡಿಕೊಂಡವರು. ಎಲ್ಲೂ ಸಿಗದ ಒಂದು ಗ್ಯಾಸ್ಕೆಟ್‌ಗಾಗಿ ವರ್ಷಗಟ್ಟಲೆ ಕಾದವರು. ಶೋರೂಮಿನಲ್ಲಿ ನಿನ್ನೆ ಮೊನ್ನೆ ತನಕ ಇದ್ದಂತೆ ಕಾಣುವ ಕಾರು ಪಕ್ಕದಲ್ಲಿ ಬಂದು ನಿಂತರೆ ಅವರಿಗೆ ಏನೋ ಒಂದು ಕಸಿವಿಸಿ. ಅದು ನನಗೆ ಅರ್ಥವಾಗುತ್ತದೆ.

ಆದರೂ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಈ ಕಾರು ಕ್ಲಾಸಿಕ್ಕಾ ಅನ್ನುವುದು ಒಂದು. ಈ ಕಾರನ್ನು ತಂದ ಮನುಷ್ಯ ನಮ್ಮವನಾ ಅನ್ನುವುದು ಇನ್ನೊಂದು. ಮೊದಲನೆಯದನ್ನು ಕಾಲಕ್ಕೆ ಬಿಡಬಹುದು. ಎರಡನೆಯದಕ್ಕೆ ಅವತ್ತೇ ಉತ್ತರ ಕೊಡಬೇಕು, ಮತ್ತು ಆ ಉತ್ತರ 'ಹೌದು' ಆಗಿರಬೇಕು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಗೆರೆ ಎಳೆದವರು ಯಾರು?

ಮೊದಲು ಪದಗಳು. ಮಾತಿನಲ್ಲಿ ನಾವು ಎಲ್ಲ ಹಳೆ ಕಾರುಗಳಿಗೂ ವಿಂಟೇಜ್ ಅಂದುಬಿಡುತ್ತೇವೆ. ಆದರೆ ಈ ಹವ್ಯಾಸದಲ್ಲಿ ಇರುವವರಿಗೆ ಒಂದೊಂದು ಪದಕ್ಕೂ ಒಂದೊಂದು ಲೆಕ್ಕ. ಬ್ರಿಟನ್ನಿನ ರೂಢಿಯಲ್ಲಿ 1919ಕ್ಕಿಂತ ಮುಂಚಿನವು ವೆಟರನ್ ಮತ್ತು ಎಡ್ವರ್ಡಿಯನ್. 1919ರಿಂದ 1930ರ ತನಕದವು ವಿಂಟೇಜ್. ಲಂಡನ್ನಿನಿಂದ ಬ್ರೈಟನ್‌ಗೆ ನವೆಂಬರ್‌ನಲ್ಲಿ ನಡೆಯುವ ಪ್ರಸಿದ್ಧ ಓಟಕ್ಕೆ 1905ಕ್ಕಿಂತ ಮುಂಚೆ ತಯಾರಾದ ಗಾಡಿಗಳೇ ಬೇಕು. ಅಮೆರಿಕದ ಕ್ಲಾಸಿಕ್ ಕಾರ್ ಕ್ಲಬ್ 'ಫುಲ್ ಕ್ಲಾಸಿಕ್' ಅಂತ ಒಪ್ಪುವುದು 1915ರಿಂದ 1948ರ ನಡುವಿನ ಆಯ್ದ ಕೆಲವು ಮಾಡೆಲ್‌ಗಳನ್ನು ಮಾತ್ರ. ಅಲ್ಲಿ 1965ರ ಕಾರು ಕೂಡ ಹೊಸಬರ ಲೆಕ್ಕಕ್ಕೇ ಸೇರುತ್ತದೆ.

ಇವೆಲ್ಲ ಒಂದು ಕಡೆ ನಿಂತ ಗೆರೆಗಳು. ಇನ್ನೊಂದು ಬಗೆಯ ಗೆರೆ ಪ್ರತಿ ವರ್ಷ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಪ್ರಕಾರ ಗಾಡಿಗೆ ಕನಿಷ್ಠ 30 ವರ್ಷ ಆಗಿರಬೇಕು, ಅದು ತನ್ನ ಕಾಲದ ರೂಪದಲ್ಲೇ ಉಳಿದಿರಬೇಕು, ದಿನಬಳಕೆಯ ಗಾಡಿ ಆಗಿರಬಾರದು. ಜರ್ಮನಿಯಲ್ಲಿ ಚರಿತ್ರೆಯ ವಾಹನಕ್ಕೆ ಕೊಡುವ 'ಎಚ್' ನಂಬರ್ ಪ್ಲೇಟಿಗೂ 30 ವರ್ಷವೇ. ಬ್ರಿಟನ್ನಿನಲ್ಲಿ ರಸ್ತೆ ತೆರಿಗೆ ವಿನಾಯಿತಿಗೆ 40. ಭಾರತದ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿಗೆ 50. ಅಮೆರಿಕದಲ್ಲಿ ಹೊರದೇಶದ ಕಾರನ್ನು ಅಲ್ಲಿನ ಸುರಕ್ಷತಾ ನಿಯಮಗಳ ಹಂಗಿಲ್ಲದೆ ತರಿಸಿಕೊಳ್ಳಲು 25 ವರ್ಷ ಆಗಿದ್ದರೆ ಸಾಕು. ಹಾಗಾಗಿಯೇ ಅಲ್ಲಿನ ಯುವಕರು ಜಪಾನಿನ ಒಂದು ಸ್ಪೋರ್ಟ್ಸ್ ಕಾರಿಗಾಗಿ ಕ್ಯಾಲೆಂಡರ್ ನೋಡುತ್ತಾ ಕೂರುತ್ತಾರೆ. 1989ರ ನಿಸಾನ್ ಸ್ಕೈಲೈನ್ ಜಿಟಿ-ಆರ್ ಅವರಿಗೆ ಸಿಕ್ಕಿದ್ದು 2014ರಲ್ಲಿ.

25, 30, 40, 50. ಒಂದೇ ಕಾರು ಒಂದು ದೇಶದಲ್ಲಿ ಕ್ಲಾಸಿಕ್, ಇನ್ನೊಂದು ದೇಶದಲ್ಲಿ ಸುಮ್ನೆ ಹಳೆ ಗಾಡಿ. ಇದರಲ್ಲಿ ಯಾವ ಸಂಖ್ಯೆಯೂ ಕಾರಿನ ಒಳಗಿಂದ ಹುಟ್ಟಿದ್ದಲ್ಲ. ತೆರಿಗೆಗೋ, ಆಮದಿಗೋ, ಸ್ಪರ್ಧೆಗೋ ಒಂದು ಲೆಕ್ಕ ಬೇಕಿತ್ತು, ಜನ ಕೂತು ಮಾಡಿಕೊಂಡರು.

ಈಗ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ. 1934ರಲ್ಲಿ ಬ್ರಿಟನ್ನಿನಲ್ಲಿ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ ಶುರುವಾಯಿತು. ವಿಂಟೇಜ್ ಅನ್ನುವ ಪದ ಕಾರಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದರಲ್ಲಿ ಈ ಕ್ಲಬ್‌ನ ಪಾಲು ದೊಡ್ಡದು. ಹೆಚ್ಚು ದುಡ್ಡಿಲ್ಲದವರಿಗೂ ಕಾರು ಓಡಿಸುವ ಸುಖ ಸಿಗಬೇಕು ಅನ್ನುವುದು ಅವರ ಆಸೆ. ಆಗ ಸೇರಲು ಕಾರು ಎಷ್ಟು ಹಳೆಯದಾಗಿರಬೇಕಿತ್ತು ಗೊತ್ತಾ? ಐದು ವರ್ಷ. ಬರೀ ಐದು. ಅಂದರೆ 1929ರ ಬೆಂಟ್ಲಿ ಅವತ್ತು ಪೂಜೆಗೆ ಇಟ್ಟ ವಸ್ತು ಆಗಿರಲಿಲ್ಲ, ಕೈಗೆಟುಕುವ ಸೆಕೆಂಡ್ ಹ್ಯಾಂಡ್ ಗಾಡಿ ಆಗಿತ್ತು.

ಎರಡೇ ವರ್ಷದಲ್ಲಿ ಅವರ ಮನಸ್ಸು ಬದಲಾಯಿತು. 1930ರ ಆಸುಪಾಸಿನಲ್ಲಿ ಕಾರ್ಖಾನೆಗಳು ಕಾರುಗಳನ್ನು ರಾಶಿ ರಾಶಿ ತಯಾರಿಸಲು ಹೊರಟವು, ಕೈಕೆಲಸದ ಗುಣಮಟ್ಟ ಹೋಯಿತು ಅಂತ ಅವರಿಗೆ ಅನ್ನಿಸಿತು. 1936ರ ಹೊತ್ತಿಗೆ 1931ಕ್ಕಿಂತ ಮುಂಚಿನ ಕಾರುಗಳು ಮಾತ್ರ ಸಾಕು ಅಂತ ತೀರ್ಮಾನಿಸಿದರು. ಗಮನಿಸಿ, ಹೊಸ ಕಾರುಗಳಲ್ಲಿ ಜೀವ ಇಲ್ಲ ಅನ್ನುವ ದೂರಿಗೆ ಆಗಲೇ ಅಷ್ಟು ವಯಸ್ಸಾಗಿದೆ. ಇವತ್ತು ನಾವು 1998ರ ಕಾರಿನ ಬಗ್ಗೆ ಹೇಳುವ ಮಾತನ್ನೇ ಅವರು 1935ರ ಕಾರಿನ ಬಗ್ಗೆ ಹೇಳಿದರು. ಮುಂದೆ ಅದೇ ಕ್ಲಬ್ 1930ರ ದಶಕದ ಕೆಲವು ಒಳ್ಳೆಯ ಕಾರುಗಳನ್ನು ಬೇರೆ ಹೆಸರಿಟ್ಟು ಒಳಗೆ ಕರೆದುಕೊಂಡಿತು.

ಇನ್ನೊಂದು ಉದಾಹರಣೆ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ನಡೆಯುವ ಕಾರು ಪ್ರದರ್ಶನ. ಹಳೆ ಕಾರುಗಳ ಲೋಕದಲ್ಲಿ ಅದಕ್ಕಿಂತ ದೊಡ್ಡದು ಇಲ್ಲ ಅನ್ನಬಹುದು. ಅದು ಶುರುವಾಗಿದ್ದು 1950ರಲ್ಲಿ. ಆ ವರ್ಷ ಮೊದಲ ಬಹುಮಾನ ಪಡೆದದ್ದು ಎಡ್ವರ್ಡ್ಸ್ ಆರ್-26 ಅನ್ನುವ ಕಾರು. ಹೊಚ್ಚ ಹೊಸದು, ಆಗಷ್ಟೇ ತಯಾರಾದದ್ದು! ಆ ಬಗೆಯ ಪ್ರದರ್ಶನಗಳು ಮೊದಲು ಇದ್ದದ್ದೇ ಹಾಗೆ, ಹೊಸ ಬಾಡಿಗಳ ಚೆಂದ ತೋರಿಸಲು. 1955ರಲ್ಲಿ ಫಿಲ್ ಹಿಲ್ ತಾವು ಸರಿಪಡಿಸಿದ 1931ರ ಪಿಯರ್ಸ್-ಆರೋ ಕಾರು ತಂದು ಗೆದ್ದರು. ಮುಂದೆ 1961ರಲ್ಲಿ ಫಾರ್ಮುಲಾ ವನ್ ವಿಶ್ವ ಚಾಂಪಿಯನ್ ಆದವರು ಇವರೇ. ಆ ಗೆಲುವಿನಿಂದ ಮುಂದೆ ಪೆಬಲ್ ಬೀಚ್ ಹಳೆ ಕಾರುಗಳತ್ತ ಹೊರಳಿತು. ಹೊಸ ಕಾರುಗಳ ಸಭೆಗೆ ಒಂದು ಹಳೆ ಕಾರು ಹೊರಗಿನಿಂದ ಬಂದಿತ್ತು. ಜನ ಜಾಗ ಬಿಟ್ಟರು.

ನಡುವಯಸ್ಸಿನ ಅಪಾಯ

ಕಾರಿನ ಬದುಕಿನಲ್ಲಿ ಅತಿ ಕಷ್ಟದ ಕಾಲ ಯಾವುದು? ಹೊಸದಾಗಿದ್ದಾಗ ಎಲ್ಲರೂ ಮುದ್ದು ಮಾಡುತ್ತಾರೆ. 50 ವರ್ಷ ಆದ ಮೇಲೂ ಎಲ್ಲರೂ ಮುದ್ದು ಮಾಡುತ್ತಾರೆ. ಕಷ್ಟ ಇರುವುದು ನಡುವೆ, ಸುಮಾರು 15ರಿಂದ 25 ವರ್ಷದ ತನಕ. ಆಗ ಅದು ಚೆಂದದ ಹೊಸ ಗಾಡಿಯೂ ಅಲ್ಲ, ಗೌರವದ ಹಳೆ ಗಾಡಿಯೂ ಅಲ್ಲ. ಕ್ಲಚ್ ಹೋಯಿತು ಅಂದರೆ ರಿಪೇರಿ ಖರ್ಚು ಗಾಡಿಯ ಬೆಲೆಯನ್ನೇ ದಾಟುತ್ತದೆ. ಮನೆಯವರು ಸರಿಯಾದ ಲೆಕ್ಕವನ್ನೇ ಹಾಕಿ ಗುಜರಿಗೆ ಕೊಡುತ್ತಾರೆ. ಅವರ ತಪ್ಪಲ್ಲ.

ಹೀಗೆ ಮಾಡೆಲ್‌ಗಳೇ ಕಾಣೆಯಾಗುತ್ತವೆ. ಅದರಲ್ಲೂ ಸಾಮಾನ್ಯ ಜನರ ಕಾರುಗಳು. ಫೆರಾರಿಯನ್ನು ಯಾರೋ ಒಬ್ಬರು ಶೆಡ್ಡಿನಲ್ಲಿ ಜೋಪಾನ ಮಾಡಿರುತ್ತಾರೆ. ಮಕ್ಕಳನ್ನು ಶಾಲೆಗೆ ಬಿಟ್ಟ ಕಾರನ್ನು ಯಾರೂ ಜೋಪಾನ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ 1973ರಿಂದ ಸುಮಾರು ಹತ್ತು ವರ್ಷ ತಯಾರಾದ ಆಸ್ಟಿನ್ ಅಲೆಗ್ರೋ 6 ಲಕ್ಷಕ್ಕೂ ಜಾಸ್ತಿ ಮಾರಾಟವಾಗಿತ್ತು. ಈಗ ಅಲ್ಲಿ ರಸ್ತೆಯ ಮೇಲೆ ಉಳಿದಿರುವುದು ಕೆಲವೇ ನೂರು. ಒಂದು ಕಾಲದಲ್ಲಿ ಬೀದಿಗೆ ಎರಡಿದ್ದ ಕಾರು ಇವತ್ತು ಎಷ್ಟೋ ಫೆರಾರಿಗಳಿಗಿಂತ ಅಪರೂಪ.

2009ರಲ್ಲಿ ನಡೆದದ್ದನ್ನು ಇನ್ನೂ ಮರೆಯಲಾಗುವುದಿಲ್ಲ. ಆರ್ಥಿಕ ಕುಸಿತದ ನಂತರ ಕಾರು ಮಾರಾಟ ಹೆಚ್ಚಿಸಲು ಅಮೆರಿಕ, ಜರ್ಮನಿ, ಬ್ರಿಟನ್ ಸರ್ಕಾರಗಳು ಹಳೆ ಗಾಡಿ ಕೊಟ್ಟವರಿಗೆ ಹೊಸದರ ಮೇಲೆ ಹಣ ಕೊಟ್ಟವು. ಅಮೆರಿಕ ಒಂದರಲ್ಲೇ ಸುಮಾರು 6.8 ಲಕ್ಷ ಗಾಡಿಗಳು ಹೀಗೆ ಹೋದವು. ಅವುಗಳ ಎಂಜಿನ್ ಮತ್ತೆ ಬಳಕೆಗೆ ಬರಬಾರದು ಅಂತ ನಿಯಮ. ಅದಕ್ಕೆ ಆಯಿಲ್ ಬಸಿದು, ಅದರ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದರು. ಬಿಸಿಗೆ ನೀರು ಆರಿ, ಗಾಜಿನಂತಹ ಪುಡಿ ಒಳಗೆಲ್ಲ ಅಂಟಿ, ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಕಚ್ಚಿಕೊಂಡು ನಿಂತುಬಿಡುತ್ತಿತ್ತು. ಮೊದಲ ತಿರುವಿಗೇ ಸ್ಟಾರ್ಟ್ ಆಗುವ ಆರೋಗ್ಯವಂತ ಎಂಜಿನ್‌ಗಳು ಅವು.

ಆ ಯೋಜನೆಯಲ್ಲಿ ಒಂದು ಷರತ್ತು ಇತ್ತು: ಗಾಡಿಗೆ 25 ವರ್ಷ ಮೀರಿರಬಾರದು. 25 ದಾಟಿದ್ದವು ಉಳಿದವು. ಅದಕ್ಕಿಂತ ಚಿಕ್ಕವಕ್ಕೆ ಯಾವ ಕಾವಲೂ ಇರಲಿಲ್ಲ. ಅವತ್ತು ಹೋದ 1980ರ, 1990ರ ದಶಕದ ಕಾರುಗಳನ್ನೇ ಈಗ ಜನ ಹುಡುಕಿಕೊಂಡು ಅಲೆಯುತ್ತಿದ್ದಾರೆ.

ಜನರಲ್ ಮೋಟರ್ಸ್‌ನ ಇವಿ1 ಕಥೆ ಇನ್ನೂ ನೋವಿನದು. 1996ರಿಂದ 1999ರ ತನಕ 1,117 ಎಲೆಕ್ಟ್ರಿಕ್ ಕಾರುಗಳು ತಯಾರಾದವು. ಯಾರಿಗೂ ಮಾರಲಿಲ್ಲ, ಬಾಡಿಗೆ ಕರಾರಿನ ಮೇಲೆ ಕೊಟ್ಟರು. ಕರಾರು ಮುಗಿದ ಮೇಲೆ ವಾಪಸ್ ತೆಗೆದುಕೊಂಡು ಹೆಚ್ಚಿನವನ್ನು ಜಜ್ಜಿ ಹಾಕಿದರು. ಕೆಲವು ಮಾತ್ರ ಮ್ಯೂಸಿಯಂ, ಕಾಲೇಜುಗಳಿಗೆ ಹೋದವು, ಅವೂ ಓಡದ ಹಾಗೆ ಮಾಡಿ. ಓಡಿಸುತ್ತಿದ್ದವರು ಕೊಂಡುಕೊಳ್ಳುತ್ತೇವೆ ಅಂತ ಬೇಡಿಕೊಂಡರೂ ಸಿಗಲಿಲ್ಲ. ಇವತ್ತಿನ ಎಲೆಕ್ಟ್ರಿಕ್ ಕಾರುಗಳ ಅಜ್ಜನಂತಹ ಕಾರು ಅದು. 30 ವರ್ಷ ತುಂಬುವ ತನಕ ಕಾಯೋಣ ಅಂತ ಕೂತಿದ್ದರೆ ನೋಡಲು ಏನೂ ಉಳಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಸಾಲಿನ ಕೊನೆಯಲ್ಲಿ ಬಾನೆಟ್ ಒರೆಸುತ್ತಿರುವ ಆ ಹುಡುಗನನ್ನು ಈಗ ಇನ್ನೊಮ್ಮೆ ನೋಡಿ. ಅವನ ಕಾರು ಸರಿಯಾಗಿ ಆ ಅಪಾಯದ ವಯಸ್ಸನ್ನು ದಾಟಿ ಬಂದಿದೆ. ಯಾಕೆ ದಾಟಿತು ಅಂದರೆ ಅವನು ದಾಟಿಸಿದ. ನಾವು 1960ರ ದಶಕದ ಕಾರನ್ನು ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಇದೇ ಕೆಲಸವನ್ನು ಯಾರೋ ಹೆಸರಿಲ್ಲದವರು ಮಾಡಿ ಮುಗಿಸಿದ್ದರು. ಆಗ ಅವರಿಗೂ ನೆರೆಹೊರೆಯವರು "ಈ ಡಬ್ಬ ಯಾಕೆ ಇಟ್ಕೊಂಡಿದ್ದೀಯಾ?" ಅಂತಲೇ ಕೇಳಿರುತ್ತಾರೆ.

ಹಳೆ ಕಾರಿಗೂ ಹೊಸ ಕಾರಿಗೂ ನಿಜವಾದ ವ್ಯತ್ಯಾಸ

ವಯಸ್ಸಿಗಿಂತ ದೊಡ್ಡ ವ್ಯತ್ಯಾಸ ಒಂದಿದೆ. ಅದು ಎಂಜಿನ್‌ಗೆ ಪೆಟ್ರೋಲ್ ಹೋಗುವ ದಾರಿಯಲ್ಲಿದೆ.

ಹಳೆ ಕಾರಿನಲ್ಲಿ ಈ ಕೆಲಸ ಕಾರ್ಬುರೇಟರ್‌ನದು. ಗಾಳಿ ಒಂದು ಕಿರಿದಾದ ಕತ್ತಿನ ಮೂಲಕ ನುಗ್ಗುತ್ತದೆ. ಕಿರಿದಾದ ಕಡೆ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ಆ ಸೆಳೆತಕ್ಕೆ ಪೆಟ್ರೋಲ್ ಒಂದು ಸಣ್ಣ ತೂತಿನಿಂದ ಮೇಲೆದ್ದು ಗಾಳಿಗೆ ಬೆರೆಯುತ್ತದೆ. ಅಷ್ಟೇ. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಸ್ಕ್ರೂಡ್ರೈವರ್‌ಗೆ ಮಾತು ಕೇಳುತ್ತದೆ. ಅನುಭವಿಗಳು ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಎಂಜಿನ್ ಸದ್ದು ಕೇಳಿ, "ಇನ್ನು ಸ್ವಲ್ಪ" ಅನ್ನುತ್ತಾರೆ.

ಹೊಸ ಕಾರಿನಲ್ಲಿ ಈ ಲೆಕ್ಕವನ್ನು ಒಂದು ಪುಟ್ಟ ಕಂಪ್ಯೂಟರ್ ಮಾಡುತ್ತದೆ. ಸೆನ್ಸರ್‌ಗಳು ಗಾಳಿ ಎಷ್ಟು ಬಂತು, ಎಂಜಿನ್ ಎಷ್ಟು ಬಿಸಿ ಇದೆ, ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಹೇಳುತ್ತವೆ. ಇಸಿಯು ಅನ್ನುವ ಡಬ್ಬಿ ಅದನ್ನೆಲ್ಲ ನೋಡಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅಂತ ನಿರ್ಧರಿಸುತ್ತದೆ. ಕಿವಿಗೆ ಕೇಳುವಂಥದ್ದು ಏನೂ ಇಲ್ಲ. ಇದು ನಿನ್ನೆ ಮೊನ್ನೆಯ ವಿದ್ಯೆ ಅಂದುಕೊಳ್ಳಬೇಡಿ. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಅನ್ನುವ ಇಂಥದ್ದೇ ವ್ಯವಸ್ಥೆ 1967ರಲ್ಲೇ ಫೋಕ್ಸ್‌ವ್ಯಾಗನ್ 1600ಗೆ ಬಂತು. ಎಲೆಕ್ಟ್ರಾನಿಕ್ ಎಬಿಎಸ್ ಬ್ರೇಕ್ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂತು. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಎಲ್ಲ ಕಾರುಗಳಿಗೂ ಒಬಿಡಿ-2 ಅನ್ನುವ ಒಂದೇ ಬಗೆಯ ತಪಾಸಣಾ ಸಾಕೆಟ್ ಕಡ್ಡಾಯವಾಯಿತು. ಎಲೆಕ್ಟ್ರಾನಿಕ್ಸ್ ಇದ್ದರೆ ಕ್ಲಾಸಿಕ್ ಅಲ್ಲ ಅಂತ ಹಟ ಹಿಡಿದರೆ ಆ 1967ರ ಫೋಕ್ಸ್‌ವ್ಯಾಗನ್ ಕೂಡ ಹೊರಗೆ ನಿಲ್ಲಬೇಕಾಗುತ್ತದೆ.

ಹಾಗಾದರೆ ಇಂತಹ ಕಾರುಗಳನ್ನು 50 ವರ್ಷ ಉಳಿಸಲು ಆಗುತ್ತಾ? ಪ್ರಾಮಾಣಿಕ ಕಳವಳ ಇದು. ಬರೀ ವಾದದಿಂದ ಇದಕ್ಕೆ ಉತ್ತರ ಸಿಗುವುದಿಲ್ಲ, ಒಂದು ಡಬ್ಬಿ ತೆರೆದು ನೋಡಬೇಕು.

1990ರ ದಶಕದ ಮೊದಲ ಭಾಗದ ಒಂದು ಕಾರು. ಚೆನ್ನಾಗಿಯೇ ಓಡುತ್ತಿತ್ತು, ಆದರೆ ಬಿಸಿಯಾದ ಮೇಲೆ ಇದ್ದಕ್ಕಿದ್ದಂತೆ ಆಫ್ ಆಗುತ್ತಿತ್ತು. ಪ್ಲಗ್ ಬದಲಾಯಿಸಿದ್ದಾಯಿತು, ಪೆಟ್ರೋಲ್ ಪಂಪ್ ಬದಲಾಯಿಸಿದ್ದಾಯಿತು. ಕೊನೆಗೆ ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ ಇಸಿಯು ಹೊರಗೆ ತೆಗೆದೆವು. ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ. ಹಳಸಿದ ಮೀನಿನಂತಹ ವಾಸನೆ. ಬೋರ್ಡ್ ಮೇಲೆ ಸಣ್ಣ ಡ್ರಮ್ಮಿನ ಆಕಾರದ ಕೆಪಾಸಿಟರ್‌ಗಳು, ಒಂದೊಂದೂ ಕಿರುಬೆರಳ ತುದಿಯಷ್ಟು. ಅವುಗಳಲ್ಲಿ ಮೂರರ ಬುಡ ಒದ್ದೆ. ಒಳಗಿನ ದ್ರವ ಸೋರಿ, ಸುತ್ತಲಿನ ತಾಮ್ರದ ಗೆರೆಗಳು ಹಸಿರು ಕಟ್ಟಿದ್ದವು. ಒಂದು ಗೆರೆ ಅರ್ಧದಲ್ಲೇ ತಿಂದುಹೋಗಿತ್ತು.

ಸರಿಪಡಿಸಿದವನು ಇಪ್ಪತ್ತೈದರ ಹುಡುಗ. ಹಳೆ ಕೆಪಾಸಿಟರ್ ಕಿತ್ತು, ಬೋರ್ಡನ್ನು ಬ್ರಷ್ ಹಾಕಿ ತೊಳೆದು, ಹೊಸವನ್ನು ಸೋಲ್ಡರ್ ಮಾಡಿದ. ತಿಂದುಹೋದ ಗೆರೆಯ ಜಾಗಕ್ಕೆ ಕೂದಲೆಳೆಯಷ್ಟು ತೆಳ್ಳಗಿನ ತಂತಿ ಎಳೆದ. ಅವನಿಗೆ ಟಾರ್ಚ್ ಹಿಡಿದು ನಿಂತಿದ್ದವರು ಕಾರ್ಬುರೇಟರನ್ನು ಕಿವಿಯಿಂದಲೇ ಟ್ಯೂನ್ ಮಾಡುವ ಹಿರಿಯರೊಬ್ಬರು. "ಬೆಸುಗೆ ಕೆಲಸವೇ ಅಲ್ವಾ ಇದೂ" ಅಂದರು. ಬಾಗಿಲ ಕೆಳಗಿನ ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಲು ಅದೇ ವಾರ ಆ ಹುಡುಗನಿಗೆ ಅವರು ಕಲಿಸುತ್ತಿದ್ದರು. ಹೊಸ ಕಾರಿನವರನ್ನು ದೂರ ಇಟ್ಟರೆ ಈ ಕೊಡುಕೊಳ್ಳುವಿಕೆಯೇ ನಿಂತುಹೋಗುತ್ತದೆ.

ಎಲ್ಲ ಸಮಸ್ಯೆಯೂ ಇಷ್ಟು ಸುಲಭ ಅಂತ ನಾನು ಹೇಳುವುದಿಲ್ಲ. 1990ರ ದಶಕದ ಕೆಲವು ಕಾರುಗಳಲ್ಲಿ ವೈರುಗಳ ಮೇಲಿನ ಹೊದಿಕೆಯೇ ಬಿಸಿಗೆ ಪುಡಿ ಪುಡಿಯಾಗುತ್ತದೆ, ಇಡೀ ವೈರಿಂಗ್ ಬದಲಾಯಿಸಬೇಕು. ಒಳಗಿನ ಮೆತ್ತನೆ ಪ್ಲಾಸ್ಟಿಕ್ ವಯಸ್ಸಾದಂತೆ ಅಂಟಂಟಾಗುತ್ತದೆ. ಇಸಿಯುವಿನ ಮೆಮೊರಿ ಚಿಪ್‌ನಲ್ಲಿ ಮಾಹಿತಿ ಇರುವುದು ವಿದ್ಯುತ್ ಚಾರ್ಜ್ ರೂಪದಲ್ಲಿ, ದಶಕಗಳು ಕಳೆದಂತೆ ಅದು ಸೋರುತ್ತದೆ. ಎಲ್ಲಕ್ಕಿಂತ ಕಷ್ಟ, ಕಾರಿನ ಜೊತೆ ಮಾತಾಡುವ ಉಪಕರಣಗಳೇ ಹಳೆಯದಾಗುವುದು. ಮೆಕ್‌ಲಾರೆನ್ ಎಫ್1 ಗೊತ್ತಲ್ಲ, 1990ರ ದಶಕದಲ್ಲಿ ಬರೀ 106 ತಯಾರಾದ ಕಾರು. ಅದರ ಸರ್ವೀಸಿಗೆ ಕಾಂಪ್ಯಾಕ್ ಕಂಪನಿಯ ಅದೇ ಕಾಲದ ಒಂದು ಲ್ಯಾಪ್‌ಟಾಪ್ ಬೇಕಿತ್ತು, ಒಳಗೆ ವಿಶೇಷ ಕಾರ್ಡ್ ಸಮೇತ. 2016ರಲ್ಲೂ ಕಂಪನಿಯವರು ಆ ಹಳೆ ಲ್ಯಾಪ್‌ಟಾಪ್‌ಗಳನ್ನೇ ನಂಬಿಕೊಂಡಿದ್ದರು. ಜಗತ್ತಿನ ಅತಿ ದುಬಾರಿ ಕಾರುಗಳಲ್ಲಿ ಒಂದರ ಪಾಡೇ ಹೀಗಾದರೆ ಉಳಿದವಕ್ಕೆ ಎಷ್ಟು ಜನರ ಕೈ ಬೇಕಾದೀತು?

ಕಾರು ಕಂಪನಿಗಳು ಇದನ್ನು ಗ್ರಹಿಸಿವೆ. ಮಾಜ್ದಾ 2017ರಲ್ಲಿ ತನ್ನ ಎರಡು ಸೀಟಿನ ಎಂಎಕ್ಸ್-5 ಕಾರಿನ ಮೊದಲ ತಲೆಮಾರಿನವನ್ನು ಪುನಃ ಸಿದ್ಧಪಡಿಸುವ ಯೋಜನೆಯನ್ನು ಜಪಾನಿನಲ್ಲಿ ಪ್ರಕಟಿಸಿತು. ನಿಸಾನ್ ಸ್ಕೈಲೈನ್‌ಗೆ, ಟೊಯೋಟಾ ತನ್ನ ಹಳೆ ಸುಪ್ರಾಗೆ ನಿಂತುಹೋಗಿದ್ದ ಬಿಡಿಭಾಗಗಳನ್ನು ಮತ್ತೆ ತಯಾರಿಸುತ್ತಿವೆ. ಆ ಕಾರುಗಳನ್ನು ಹಿಡಿದುಕೊಂಡು ಕೂತ ಜನ ಇಲ್ಲದಿದ್ದರೆ ಯಾರಿಗೋಸ್ಕರ ತಯಾರಿಸುತ್ತಿದ್ದವು?

ಮನಸ್ಸು ಬದಲಾಗುವ ಬಗೆ

ಪೋರ್ಷೆ 911 ಅಭಿಮಾನಿಗಳಿಗೆ ಒಂದು ನಂಬಿಕೆ ಇತ್ತು: 911 ಅಂದರೆ ಗಾಳಿಯಿಂದ ತಣ್ಣಗಾಗುವ ಎಂಜಿನ್. 1998ರ ಹೊತ್ತಿಗೆ ಅಂತಹ ಕೊನೆಯ ಮಾಡೆಲ್ ನಿಂತು, ನೀರಿನಿಂದ ತಣ್ಣಗಾಗುವ 996 ಬಂತು. ಜನ ಸಿಟ್ಟಾದರು. ಹೆಡ್‌ಲೈಟ್ ಒಡೆದು ಹರಡಿದ ಮೊಟ್ಟೆಯ ಹಾಗಿದೆ ಅಂದರು. ಪೋರ್ಷೆಯದೇ ಕಡಿಮೆ ಬೆಲೆಯ ಕಾರು ಬಾಕ್ಸ್‌ಸ್ಟರ್‌ನ ಮುಖವನ್ನೇ ಇದಕ್ಕೂ ಅಂಟಿಸಿದ್ದಾರೆ ಅಂದರು. ಎಷ್ಟೋ ವರ್ಷ 911ಗಳ ಪೈಕಿ ಅದೇ ಅನಾಥ ಕೂಸು. ಈಗ ಅದಕ್ಕೂ ಪ್ರೀತಿಯ ಗುಂಪುಗಳಿವೆ. ಕಾರು ಬದಲಾಗಲಿಲ್ಲ. ಚಿಕ್ಕಂದಿನಲ್ಲಿ ಅದರ ಚಿತ್ರ ಗೋಡೆಗೆ ಅಂಟಿಸಿಕೊಂಡಿದ್ದವರು ದೊಡ್ಡವರಾದರು, ಅಷ್ಟೇ.

ಹೆಚ್ಚಿನವರಿಗೆ ಕ್ಲಾಸಿಕ್ ಅನ್ನುವುದು ತಾವು ಹತ್ತು, ಹನ್ನೆರಡು ವರ್ಷದವರಾಗಿದ್ದಾಗ ಆಸೆಪಟ್ಟ ಕಾರು. 1955ರ ಕಾರು ನೋಡಿ ಬೆಳೆದವರಿಗೆ ಅದು. 1992ರಲ್ಲಿ ಬೆಳೆದವರಿಗೆ ಮೇಲೇಳುವ ಹೆಡ್‌ಲೈಟಿನ ಎಂಎಕ್ಸ್-5. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚು ಪವಿತ್ರ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅಂದಹಾಗೆ ಆ ಎಂಎಕ್ಸ್-5 ಹುಟ್ಟಿದ್ದೇ 1960ರ ದಶಕದ ಬ್ರಿಟಿಷ್ ಎರಡು ಸೀಟಿನ ಕಾರುಗಳ ಮೇಲಿನ ಪ್ರೀತಿಯಿಂದ.

ವಯಸ್ಸಿನ ಲೆಕ್ಕ ಪೂರ್ತಿ ಕೈಕೊಡುವ ಜಾಗಗಳೂ ಇವೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ರೂಪುಗೊಂಡ ಫೋಕ್ಸ್‌ವ್ಯಾಗನ್ ಬೀಟಲ್‌ನ ಕೊನೆಯ ಕಾರು ಮೆಕ್ಸಿಕೋದ ಪ್ಯೂಬ್ಲಾದಿಂದ ಹೊರಬಂದದ್ದು 2003ರ ಜುಲೈನಲ್ಲಿ. ಹಿಂದೆ ಎಂಜಿನ್, ಅದೇ ಬೆನ್ನು, ಗಾಳಿಯಿಂದಲೇ ತಣ್ಣಗಾಗುವುದು. ಅದು ಹೊಸದಾ, ಹಳೆಯದಾ? ಇಂಗ್ಲೆಂಡಿನ ಮೋರ್ಗನ್ ಕಂಪನಿ ಇವತ್ತಿಗೂ ಬಾಡಿಯ ಚೌಕಟ್ಟಿಗೆ ಆ್ಯಶ್ ಮರ ಬಳಸುತ್ತದೆ, ಬಾನೆಟ್ ತೆಗೆದರೆ ಬಿಎಂಡಬ್ಲ್ಯು ಎಂಜಿನ್. ನನ್ನನ್ನು ಕೇಳಿದರೆ ಬೀಟಲ್ ನೇರವಾಗಿ ಒಳಗೆ ಬರಲಿ. ಹೊಸ ಮೋರ್ಗನ್ ಬರಲಿ, ಆದರೆ ತನ್ನ ಹಳೆ ಅಣ್ಣಂದಿರ ಜೊತೆ ನಿಲ್ಲಲಿ.

ಆಕ್ಷೇಪಗಳಲ್ಲಿ ಸತ್ಯ ಇದೆ

ಎಲ್ಲರನ್ನೂ ಬಿಟ್ಟುಕೊಂಡರೆ ಕೊನೆಗೆ ಏನು ಉಳಿಯುತ್ತದೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಜಾಗ ಇರುವುದೇ ಇಷ್ಟು. ಮೊದಲು ಬಂದು ನಿಂತ ಹತ್ತು ಹೊಸ ಕಾರುಗಳಿಂದಾಗಿ 1938ರ ಒಂದು ಗಾಡಿ ದೂರದ ಪಾರ್ಕಿಂಗ್‌ನಲ್ಲಿ ನಿಂತರೆ ಅದು ಖಂಡಿತ ತಪ್ಪು. ಆ ಗಾಡಿಯನ್ನು ನೋಡಲೆಂದೇ ಮಕ್ಕಳು ಬಂದಿರುತ್ತಾರೆ. ಕಳೆದ ತಿಂಗಳು ಕೊಂಡ ಸೂಪರ್‌ಕಾರ್ ತಂದು, ನಿಂತಲ್ಲೇ ಎಂಜಿನ್ ಕೂಗಿಸಿ, ಎಲ್ಲರ ಕಣ್ಣು ತನ್ನ ಕಡೆ ತಿರುಗಿಸಿಕೊಳ್ಳುವವರೂ ಇದ್ದಾರೆ. ಅವರಿಗೆ ಬೇಕಿರುವುದು ನೋಡುವವರು. ಕಾರುಗಳ ಚರಿತ್ರೆ ಅವರಿಗೆ ಬೇಕಿಲ್ಲ. ಅವರ ಕಾರು ಹೊರಗೆ ನಿಲ್ಲಲಿ, ಅವರು ನಡೆದುಕೊಂಡು ಒಳಗೆ ಬರಲಿ.

ಗೆರೆ ಎಳೆದು ಗಟ್ಟಿಯಾಗಿ ನಿಲ್ಲುವ ಕ್ಲಬ್‌ಗಳ ಮೇಲೂ ನನಗೆ ಗೌರವ ಇದೆ. ಒಂದೇ ಕಾಲದ ಕಾರುಗಳಿಗೆ ಮೀಸಲಾದ ಕ್ಲಬ್ ಆ ಕಾಲದ ವಿದ್ಯೆಯನ್ನು ಆಳವಾಗಿ ಕಾಪಾಡುತ್ತದೆ. ಚಕ್ರದ ಮರದ ಕಡ್ಡಿ ಹೇಗೆ ಕೂರಿಸಬೇಕು, ಬೇರಿಂಗ್‌ಗೆ ಬಿಳಿ ಲೋಹ ಹೇಗೆ ಎರಕ ಹೊಯ್ಯಬೇಕು ಅಂತ ತಿಳಿದವರು ಅಲ್ಲೇ ಸಿಗುವುದು. ಅವರು 1998ರ ಕಾರನ್ನು ಸೇರಿಸಿಕೊಳ್ಳಬೇಕಾಗಿಲ್ಲ. ಆದರೆ ಎಲ್ಲ ಹಳೆ ಕಾರುಗಳಿಗೂ ಬಾಗಿಲು ತೆರೆದ ಕೂಟಗಳು ಹಾಗೆ ಮಾಡಿದರೆ ಕಷ್ಟ. ಅಲ್ಲಿ ನಿಯಮ ವರ್ಷಕ್ಕೊಂದು ಹೆಜ್ಜೆ ಮುಂದೆ ಸರಿಯಬೇಕು. 25 ವರ್ಷ ತುಂಬಿದವು ಸಾಲಿಗೆ ಬರಲಿ, ದಶಕಕ್ಕೊಂದು ಸಾಲು ಮಾಡಲಿ. 15ರಿಂದ 25ರ ನಡುವಿನವಕ್ಕೆ ಬದಿಯಲ್ಲಿ ಒಂದು ಸಾಲು ಇರಲಿ. ಜರ್ಮನಿಯಲ್ಲಿ ಈ ವಯಸ್ಸಿನ ಕಾರುಗಳಿಗೆ 'ಯಂಗ್‌ಟೈಮರ್' ಅನ್ನುವ ಹೆಸರೇ ಇದೆ. ಬಹುಮಾನ ಕೊಡುವಾಗ 1955ರ ಕಾರನ್ನು 1995ರದರ ಜೊತೆ ಹೋಲಿಸದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ವಯಸ್ಸಿನ ಜೊತೆಗೆ ನಾನು ನೋಡುವುದು ಇನ್ನೊಂದು: ಕಾರು ತನ್ನ ಕಾಲದ ಕಥೆ ಹೇಳುತ್ತಾ? 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್ ಓಡಿಸಲು ರೋಚಕ ಅಲ್ಲ. ಆದರೆ ಪೆಟ್ರೋಲ್ ಎಂಜಿನ್ ಮತ್ತು ಬ್ಯಾಟರಿಯನ್ನು ಒಂದೇ ಗಾಡಿಯಲ್ಲಿ ಹೊಂದಿಸಿ ಲಕ್ಷಗಟ್ಟಲೆ ಮನೆಗಳಿಗೆ ತಲುಪಿಸಿದ ದಾರಿ ಶುರುವಾಗಿದ್ದು ಅಲ್ಲಿಂದ. ಮೊದಲ ತಲೆಮಾರಿನ ಒಂದು ಪ್ರಿಯಸ್, ಅದರ ಮೂಲ ಸೀಟು, ಮೂಲ ಡಿಸ್‌ಪ್ಲೇ ಸಮೇತ ಬಂದರೆ ಅದರ ಮುಂದೆ ಅರ್ಧ ಗಂಟೆ ನಿಲ್ಲಲು ನಾನು ತಯಾರು.

ನಿಮ್ಮ ಹತ್ತಿರ ಈಗ 12 ಅಥವಾ 18 ವರ್ಷದ ಕಾರು ಇದ್ದು, ಅದನ್ನು ಕೊಡಲು ಮನಸ್ಸಿಲ್ಲದಿದ್ದರೆ, ಕೆಲವು ಕೆಲಸ ಈಗಲೇ ಮಾಡಿ. ಸರ್ವೀಸ್ ಪುಸ್ತಕ, ಬಿಲ್ಲುಗಳನ್ನು ಒಂದು ಫೈಲಿಗೆ ಹಾಕಿ. ಹೊಸ ಸ್ಟೀರಿಯೋ ಹಾಕಿಸಿದರೆ ಮೂಲ ಸ್ಟೀರಿಯೋವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ತಿಳಿದವರು ಸಿಕ್ಕರೆ ಇಸಿಯುವಿನ ಒಳಗಿನ ಮಾಹಿತಿಯ ಒಂದು ನಕಲು ತೆಗೆಸಿಡಿ. ಮತ್ತೆ ಎರಡನೇ ಕೀ ಎಲ್ಲಿದೆ ಅಂತ ಹುಡುಕಿ. ಹೆಚ್ಚಿನ ಕಾರುಗಳಲ್ಲಿ ಆ ಕೀಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ ಇರುತ್ತದೆ. ಅದನ್ನು ಗುರುತಿಸದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಒಂದೇ ಕೀ ಉಳಿದು, ಅದೂ ಕಳೆದುಹೋದರೆ, 20 ವರ್ಷದ ನಂತರ ಆ ಕಾರಿಗೆ ಹೊಸ ಕೀ ಮಾಡಿಕೊಡುವ ಉಪಕರಣ ಯಾರ ಹತ್ತಿರ ಇರುತ್ತದೋ ಹೇಳಲಾಗದು. ಮನೆಯ ಯಾವುದೋ ಡ್ರಾಯರ್‌ನ ಮೂಲೆಯಲ್ಲಿ, ಹಳೆ ಬ್ಯಾಟರಿಗಳ ಜೊತೆ, ಅದು ಇನ್ನೂ ಬಿದ್ದಿರಬಹುದು.